ಅಜ್ಜಿಗೆ ನಿದ್ರೆ ಮಾತ್ರೆ, ಅಜ್ಜನಿಗೆ ‘ನಾರ್ಮಲ್’: ಹಿರಿಯರ ಮನಸ್ಸಿನ ತಪಾಸಣೆ ನಡೆಸುವವರಿಗೊಂದು ಬಹಿರಂಗ ಪತ್ರ

ಹಿರಿಯರ ಆರೋಗ್ಯ ಕಾರ್ಯಕ್ರಮ ರೂಪಿಸುವ ಅಧಿಕಾರಿಗಳಿಗೆ ಮತ್ತು ಅದನ್ನು ನಡೆಸುವ ವೈದ್ಯರಿಗೆ,

ಮಾನ್ಯರೇ, ನಮಸ್ಕಾರ.

ನಾನು ನಿಮ್ಮ ತಪಾಸಣೆಯಲ್ಲಿ ಹಿರಿಯರಿಗೆ ಖಿನ್ನತೆ ಗುರುತಿಸುವ ಪ್ರಶ್ನೆಪಟ್ಟಿ ಓದಿ ಹೇಳುವ ಸ್ವಯಂಸೇವಕಿ. ಬಿಪಿ, ಶುಗರ್, ಕಣ್ಣು ಎಲ್ಲಾ ನೋಡಿ ಆದ ಮೇಲೆ ಬರುವ ಕೊನೆಯ ಮೇಜು ನಮ್ಮದು. 60 ದಾಟಿದವರು ಎದುರು ಕೂರುತ್ತಾರೆ, ನಾವು ಒಂದೊಂದೇ ಪ್ರಶ್ನೆ ಓದುತ್ತೇವೆ, ಟಿಕ್ ಹಾಕುತ್ತೇವೆ, ಅಂಕ ಕೂಡಿಸಿ ಮೇಲಕ್ಕೆ ಕಳಿಸುತ್ತೇವೆ. ಅಷ್ಟೇ ಕೆಲಸ. ಈ ಪಟ್ಟಿಯ ಬಗ್ಗೆ ನನಗಿರುವ ದೂರನ್ನು ಮೀಟಿಂಗಿನಲ್ಲೂ ಎತ್ತಿದ್ದೆ. “ನೋಟ್ ಮಾಡ್ಕೊಂಡಿದ್ದೀವಿ” ಅನ್ನುವಲ್ಲಿಗೆ ಅದು ಮುಗಿಯಿತು. ಹಾಗಾಗಿ ಈಗ ಎಲ್ಲರ ಎದುರೇ ಬರೆಯುತ್ತಿದ್ದೇನೆ.

ನನ್ನ ದೂರು ಇಷ್ಟು. ವಯಸ್ಸಾದ ಗಂಡಸರಿಗೂ ಹೆಂಗಸರಿಗೂ ನೀವು ಒಂದೇ ಪಟ್ಟಿ ಕೊಟ್ಟಿದ್ದೀರಿ, ಒಂದೇ ಅಂಕದ ಗೆರೆ ಎಳೆದಿದ್ದೀರಿ. ಆ ಗೆರೆ ದಾಟಿದ ಹೆಂಗಸಿಗೆ ಮಾತ್ರೆ ಸಿಗುತ್ತದೆ, ಅವಳ ಒತ್ತಡಕ್ಕೆ ಕಾರಣ ಏನು ಅಂತ ಯಾರೂ ಕೇಳುವುದಿಲ್ಲ. ಗೆರೆ ದಾಟದ ಗಂಡಸು ‘ನಾರ್ಮಲ್’ ಅನ್ನಿಸಿಕೊಂಡು ಎದ್ದು ಹೋಗುತ್ತಾನೆ, ಅವನ ಒಳಗೆ ಏನು ನಡೆಯುತ್ತಿದೆ ಅನ್ನುವುದು ನಮ್ಮ ಪಟ್ಟಿಗೆ ಕಾಣುವುದೇ ಇಲ್ಲ.

ನಾನು ಕಂಡದ್ದನ್ನು ಮೊದಲು ಹೇಳುತ್ತೇನೆ. ಹೆಂಗಸರು ಸಾಮಾನ್ಯವಾಗಿ ಮಾತಾಡುತ್ತಾರೆ. ಮೂರನೇ ಪ್ರಶ್ನೆಗೆ ಬರುವಷ್ಟರಲ್ಲಿ ಅರ್ಧ ಸಂಸಾರದ ಕಥೆ ಹೊರಗೆ ಬಂದಿರುತ್ತದೆ: ಹಾಸಿಗೆ ಹಿಡಿದ ಗಂಡ, ರಾತ್ರಿ ನಾಲ್ಕು ಸಲ ಏಳುವುದು, ಮೊಮ್ಮಗುವನ್ನು ನೋಡಿಕೊಳ್ಳುವುದು, ತನ್ನದೇ ಮಂಡಿ ನೋವು. ಪಟ್ಟಿಯಲ್ಲಿ ಇದನ್ನೆಲ್ಲ ಬರೆಯುವ ಜಾಗವೇ ಇಲ್ಲ. “ನಿದ್ರೆ ಸರಿಯಾಗಿ ಬರುವುದಿಲ್ಲ: ಬಹುತೇಕ ಪ್ರತಿದಿನ” ಅನ್ನುವ ಕಡೆ ಒಂದು ಟಿಕ್ ಬೀಳುತ್ತದೆ, ಕಥೆ ಗಾಳಿಗೆ ಹೋಗುತ್ತದೆ. ಗಂಡಸರದ್ದು ಬೇರೆ. “ಏನಿಲ್ಲಮ್ಮಾ, ಚೆನ್ನಾಗಿದ್ದೀನಿ” ಅಂತಾರೆ. ಎಲ್ಲಾ ಪ್ರಶ್ನೆಗೂ ‘ಇಲ್ಲ’. ಪಕ್ಕದಲ್ಲಿ ಹೆಂಡತಿ ಇದ್ದರೆ ಅವಳೇ ಮಧ್ಯೆ ಬಾಯಿ ಹಾಕಿ, “ಸುಮ್ನೆ ಹೇಳ್ತಾರೆ, ಮನೇಲಿ ಎಲ್ಲರ ಮೇಲೂ ರೇಗ್ತಾರೆ, ಯಾರ ಜೊತೆಗೂ ಸೇರಲ್ಲ, ಸಂಜೆ ಆದ್ರೆ ಕುಡಿತ ಜಾಸ್ತಿ ಆಗಿದೆ” ಅಂತಾಳೆ. ಅದಕ್ಕೂ ನಮ್ಮ ಪಟ್ಟಿಯಲ್ಲಿ ಜಾಗವಿಲ್ಲ. ರೇಗುವುದು, ಕುಡಿಯುವುದು, ಮೂಲೆ ಸೇರುವುದು ಯಾವುದಕ್ಕೂ ನಮ್ಮಲ್ಲಿ ಅಂಕವಿಲ್ಲ. ಸೊನ್ನೆ ಬರೆದು ಕಳಿಸುತ್ತೇವೆ.

ಇದು ನನ್ನ ಮೇಜಿನ ಕಥೆ ಮಾತ್ರ ಅಂದುಕೊಳ್ಳಬೇಡಿ. ದೊಡ್ಡ ಲೆಕ್ಕಗಳನ್ನೇ ನೋಡಿ. ಹರೆಯದಿಂದ ನಡುವಯಸ್ಸಿನವರೆಗೆ ಖಿನ್ನತೆ ಇದೆ ಅಂತ ಗುರುತಿಸಲಾಗುವವರಲ್ಲಿ ಹೆಂಗಸರು ಗಂಡಸರಿಗಿಂತ ಸುಮಾರು ಎರಡು ಪಟ್ಟು. ವಯಸ್ಸಾದಂತೆ ಈ ಅಂತರ ಕಡಿಮೆಯಾಗುತ್ತದೆ, ಆದರೆ ಇಲ್ಲವಾಗುವುದಿಲ್ಲ. ಆತಂಕ, ಒತ್ತಡದ ಅಂಕಗಳಲ್ಲೂ ಹೆಂಗಸರೇ ಮುಂದೆ. ಇನ್ನೊಂದು ಕಡೆ ಆತ್ಮಹತ್ಯೆಯ ಲೆಕ್ಕ ಇದೆ. ಪ್ರಪಂಚದಲ್ಲಿ ಹೆಂಗಸರಿಗೆ ಹೋಲಿಸಿದರೆ ಗಂಡಸರ ಆತ್ಮಹತ್ಯೆಯ ಪ್ರಮಾಣ ಎರಡು ಪಟ್ಟಿಗಿಂತ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆತ್ಮಹತ್ಯೆಯಿಂದ ಸಾಯುವವರಲ್ಲಿ ಸುಮಾರು ಕಾಲು ಭಾಗ 60 ದಾಟಿದವರು. ಎಷ್ಟೋ ದೇಶಗಳಲ್ಲಿ ಅತಿ ಹೆಚ್ಚಿನ ಪ್ರಮಾಣ ಇರುವುದು ವಯಸ್ಸಾದ ಗಂಡಸರಲ್ಲೇ. ನಮ್ಮ ಹಾಳೆಯಲ್ಲಿ ‘ಏನೂ ಇಲ್ಲ’ ಅನ್ನಿಸಿಕೊಂಡವರೇ ಆ ಆತ್ಮಹತ್ಯೆಯ ಹಾಳೆಯಲ್ಲಿ ಮುಂದಿದ್ದಾರೆ. ಹಾಗಾದರೆ ಎರಡರಲ್ಲಿ ಒಂದು ಹಾಳೆ ಏನನ್ನೋ ಬಿಡುತ್ತಿದೆ ಅಲ್ವಾ? ಸಾವಿನ ಲೆಕ್ಕ ಬಿಡುವುದು ಕಷ್ಟ. ಬಿಡುತ್ತಿರುವುದು ನಮ್ಮದು.

ಪ್ರಶ್ನೆಪಟ್ಟಿ ಮಾಡಿದವರು ದಡ್ಡರು ಅಂತ ನಾನು ಹೇಳುತ್ತಿಲ್ಲ. 1980ರ ದಶಕದ ಆರಂಭದಲ್ಲಿ ಹಿರಿಯರ ಖಿನ್ನತೆ ಅಳೆಯಲೆಂದೇ ಬಂದ ಜೀರಿಯಾಟ್ರಿಕ್ ಡಿಪ್ರೆಷನ್ ಸ್ಕೇಲ್‌ನಲ್ಲಿ 30 ಪ್ರಶ್ನೆಗಳಿದ್ದವು, 1986ರಲ್ಲಿ ಅದನ್ನು 15ಕ್ಕೆ ಇಳಿಸಿದರು. ಎಲ್ಲಕ್ಕೂ ಹೌದು ಅಥವಾ ಇಲ್ಲ ಅಂದರೆ ಸಾಕು. ಮೈಕೈ ನೋವು, ನಿದ್ರೆ, ಹಸಿವಿನ ಪ್ರಶ್ನೆಗಳನ್ನು ಅವರು ಬೇಕಂತಲೇ ಕೈಬಿಟ್ಟರು, ಯಾಕೆಂದರೆ ಅವು ವಯಸ್ಸಿನಿಂದಲೂ ಬರಬಹುದು, ಬೇರೆ ಕಾಯಿಲೆಯಿಂದಲೂ ಬರಬಹುದು. ಬುದ್ಧಿವಂತಿಕೆಯ ಕೆಲಸ ಅದು. ನಮ್ಮ ಕೈಗೆ ನೀವು ಕೊಟ್ಟಿರುವುದು 2001ರಲ್ಲಿ ಬಂದ ಪಿಎಚ್‌ಕ್ಯೂ-9 ಅನ್ನುವ, ಎಲ್ಲಾ ವಯಸ್ಕರಿಗೂ ಬಳಸುವ ಖಿನ್ನತೆಯ ಪಟ್ಟಿ. ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ, ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗಮನ ಕೊಡಬೇಕು. ಇದೂ ಒಳ್ಳೆಯ ಸಾಧನವೇ. ಆದರೆ ಇದು ದುಃಖ, ನಿರಾಸಕ್ತಿ, ಸುಸ್ತು, ತಪ್ಪಿತಸ್ಥ ಭಾವನೆ ಇಂಥದ್ದನ್ನು ಹುಡುಕುತ್ತದೆ. ದುಃಖವನ್ನು ಸಿಟ್ಟು ಮಾಡಿಕೊಂಡು ಓಡಾಡುವ ಮನುಷ್ಯನನ್ನು ಹುಡುಕುವುದಿಲ್ಲ. ಅದೂ ಅಲ್ಲದೆ ‘ನಿಮಗೆ ಬೇಜಾರಾಗುತ್ತದಾ’ ಅಂತ ನೇರವಾಗಿ ಕೇಳಿದರೆ, ಎಪ್ಪತ್ತು ವರ್ಷ ‘ಗಂಡಸು ಅಳಬಾರದು’ ಅಂತ ಕೇಳಿಕೊಂಡೇ ಬಂದವನು ಏನು ಹೇಳಬೇಕು ಹೇಳಿ?

2013ರಲ್ಲಿ ಅಮೆರಿಕದ ಸಂಶೋಧಕರು ಒಂದು ಕೆಲಸ ಮಾಡಿದರು. ದೊಡ್ಡ ಸಮೀಕ್ಷೆಯೊಂದರ ಮಾಹಿತಿಯನ್ನೇ ತೆಗೆದುಕೊಂಡು, ಮಾಮೂಲಿ ಲಕ್ಷಣಗಳ ಜೊತೆಗೆ ಸಿಟ್ಟು, ಕುಡಿತ, ಅಪಾಯಕ್ಕೆ ಮೈಯೊಡ್ಡುವುದು, ಕಿರಿಕಿರಿ ಇವನ್ನೂ ಸೇರಿಸಿ ಲೆಕ್ಕ ಹಾಕಿದರು. ಆಗ ಗಂಡಸರಲ್ಲಿ ನೂರಕ್ಕೆ 30.6 ಮಂದಿ, ಹೆಂಗಸರಲ್ಲಿ 33.3 ಮಂದಿ ಖಿನ್ನತೆಯ ಗೆರೆ ದಾಟಿದರು. ಎರಡು ಪಟ್ಟು ಅನ್ನುತ್ತಿದ್ದ ಅಂತರ ಹೆಚ್ಚುಕಡಿಮೆ ಮಾಯ. ಆ ಸಮೀಕ್ಷೆ ಎಲ್ಲಾ ವಯಸ್ಕರದ್ದು, ಬರೀ ಹಿರಿಯರದ್ದಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೂ ಏನು ಕೇಳುತ್ತೇವೆ ಅನ್ನುವುದರ ಮೇಲೆ ಏನು ಸಿಗುತ್ತದೆ ಅನ್ನುವುದು ನಿಂತಿದೆ ಅಂತ ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ.

ಇದಕ್ಕೂ ಹಳೆಯ ಪಾಠ ಒಂದಿದೆ. ನಿಮ್ಮ ತರಬೇತಿಗಳಲ್ಲಿ ಅದನ್ನು ಮೊದಲ ದಿನವೇ ಹೇಳಬೇಕು ಅನ್ನುವುದು ನನ್ನ ಆಸೆ. ಸ್ವೀಡನ್ನಿನ ಗಾಟ್ಲ್ಯಾಂಡ್ ಅನ್ನುವ ದ್ವೀಪದಲ್ಲಿ 1983-84ರಲ್ಲಿ ಅಲ್ಲಿನ ಸಾಮಾನ್ಯ ವೈದ್ಯರಿಗೆಲ್ಲ ಖಿನ್ನತೆ ಗುರುತಿಸುವ, ಚಿಕಿತ್ಸೆ ಕೊಡುವ ತರಬೇತಿ ಕೊಟ್ಟರು. ಆಮೇಲೆ ಆತ್ಮಹತ್ಯೆಗಳು ಇಳಿದವು. ಎಲ್ಲರಿಗೂ ಖುಷಿ. ಆದರೆ ಯಾರದ್ದು ಇಳಿಯಿತು ಅಂತ ಬಿಡಿಸಿ ನೋಡಿದಾಗ ಗೊತ್ತಾಯಿತು: ಇಳಿದದ್ದು ಹೆಚ್ಚುಕಡಿಮೆ ಹೆಂಗಸರದ್ದು ಮಾತ್ರ. ಗಂಡಸರ ಸಂಖ್ಯೆ ಅಲ್ಲಾಡಲಿಲ್ಲ. ವೈದ್ಯರು ಕಲಿತದ್ದು ಆಸ್ಪತ್ರೆಗೆ ಬಂದು ‘ನನಗೆ ಹೀಗಾಗುತ್ತಿದೆ’ ಅಂತ ಹೇಳುವವರನ್ನು ಗುರುತಿಸುವುದನ್ನು. ಗಂಡಸರು ಬರುತ್ತಲೇ ಇರಲಿಲ್ಲ, ಬಂದರೂ ಹಾಗೆ ಹೇಳುತ್ತಿರಲಿಲ್ಲ. ಅದನ್ನು ಕಂಡ ಮೇಲೆ ಅದೇ ಸಂಶೋಧಕರು ಗಂಡಸರಿಗಾಗಿ 13 ಪ್ರಶ್ನೆಗಳ ಬೇರೆ ಪಟ್ಟಿ ಮಾಡಿದರು. ಅದರಲ್ಲಿ ಕಿರಿಕಿರಿ, ಸಿಡುಕು, ಸುಸ್ತು, ತೀರ್ಮಾನ ಮಾಡಲಾಗದಿರುವುದು, ಕುಡಿತ ಎಲ್ಲಾ ಬರುತ್ತದೆ. ಒಂದು ಸಣ್ಣ ದ್ವೀಪ ನಲವತ್ತು ವರ್ಷದ ಹಿಂದೆ ಕಲಿಸಿದ್ದನ್ನು ನಾವು ಇನ್ನೂ ಕಲಿಯಬೇಕಾಗಿದೆ.

ಹಾಗಂತ ‘ಹೆಂಗಸರನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೀರಿ, ಗಂಡಸರನ್ನು ಮರೆತಿದ್ದೀರಿ’ ಅನ್ನುವುದಲ್ಲ ನನ್ನ ಮಾತು. ಹೆಂಗಸರ ವಿಷಯದಲ್ಲಿ ಆಗುತ್ತಿರುವುದು ನನಗೆ ಇನ್ನೂ ಜಾಸ್ತಿ ಸಿಟ್ಟು ಬರಿಸುತ್ತದೆ. ಅವಳು ಬಾಯಿ ಬಿಟ್ಟು ಹೇಳುತ್ತಾಳೆ, ನೀವು ಕೇಳಿಸಿಕೊಳ್ಳುತ್ತೀರಿ, ಕೊನೆಗೆ ಮಾತ್ರೆ ಚೀಟಿ ಬರೆಯುತ್ತೀರಿ.

ಅವಳ ಒತ್ತಡ ಎಲ್ಲಿಂದ ಬರುತ್ತಿದೆ ಅಂತ ಒಂದು ಕ್ಷಣ ನೋಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2018ರಲ್ಲಿ ಹಾಕಿದ ಲೆಕ್ಕದ ಪ್ರಕಾರ ಪ್ರಪಂಚದಲ್ಲಿ ಸಂಬಳವಿಲ್ಲದೆ ನಡೆಯುವ ಮನೆ-ಆರೈಕೆಯ ಕೆಲಸದಲ್ಲಿ ನೂರಕ್ಕೆ 76 ಗಂಟೆ ಹೆಂಗಸರದ್ದು. ಈ ಕೆಲಸಕ್ಕೆ ನಿವೃತ್ತಿಯ ವಯಸ್ಸಿಲ್ಲ. ಗಂಡ ನಿವೃತ್ತನಾದ ದಿನ ಅವಳ ಕೆಲಸ ಕಡಿಮೆಯಾಗುವುದಿಲ್ಲ, ಇನ್ನೊಬ್ಬರು ಇಡೀ ದಿನ ಮನೆಯಲ್ಲಿರುವುದರಿಂದ ಜಾಸ್ತಿಯೇ ಆಗುತ್ತದೆ. ಅವನಿಗೆ ಮರೆವಿನ ಕಾಯಿಲೆ ಬಂದರೆ ನೋಡಿಕೊಳ್ಳುವುದು ಅವಳೇ. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ಒಟ್ಟು ಗಂಟೆಗಳಲ್ಲಿ ನೂರಕ್ಕೆ 70ರಷ್ಟು ಹೆಂಗಸರದ್ದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಇದು ಬರೀ ಮನಸ್ಸಿನ ಮಾತಾಗಿ ಉಳಿಯುವುದಿಲ್ಲ, ಮೈಯಲ್ಲಿ ಕಾಣುತ್ತದೆ. 1995ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಜಾನಿಸ್ ಕೀಕಾಲ್ಟ್-ಗ್ಲೇಸರ್ ಮತ್ತು ಅವರ ಜೊತೆಗಾರರು, ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರ ತೋಳಿನ ಮೇಲೆ ಒಂದು ಪುಟ್ಟ ಗಾಯ ಮಾಡಿ, ಅದು ವಾಸಿಯಾಗಲು ಎಷ್ಟು ದಿನ ಬೇಕು ಅಂತ ನೋಡಿದರು. ಅದೇ ವಯಸ್ಸಿನ, ಅಂಥ ಹೊರೆ ಇಲ್ಲದ ಹೆಂಗಸರಿಗಿಂತ ಒಂಬತ್ತು ದಿನ ಜಾಸ್ತಿ ಬೇಕಾಯಿತು. 1999ರ ಇನ್ನೊಂದು ಅಧ್ಯಯನ ವಯಸ್ಸಾದ ದಂಪತಿಗಳನ್ನು ನಾಲ್ಕು ವರ್ಷ ಹಿಂಬಾಲಿಸಿತು. ಸಂಗಾತಿಯನ್ನು ನೋಡಿಕೊಳ್ಳುತ್ತಾ ಅದರಿಂದ ಒತ್ತಡಕ್ಕೆ ಸಿಕ್ಕಿದವರಲ್ಲಿ ಸಾವಿನ ಸಂಭವ, ಅಂಥ ಆರೈಕೆಯ ಹೊಣೆ ಇಲ್ಲದವರಿಗಿಂತ ನೂರಕ್ಕೆ 63ರಷ್ಟು ಹೆಚ್ಚಿತ್ತು. ಇದರಲ್ಲಿ ಗಂಡಸರೂ ಇದ್ದರು, ಹೆಂಡತಿಯನ್ನು ನೋಡಿಕೊಳ್ಳುವ ಗಂಡಂದಿರೂ ಇದ್ದಾರೆ, ಅವರನ್ನು ಮರೆಯಬಾರದು. ಇನ್ನು 2005ರಲ್ಲಿ 45 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ವಯಸ್ಸಾದಂತೆ ಒತ್ತಡಕ್ಕೆ ಕಾರ್ಟಿಸಾಲ್ ಹಾರ್ಮೋನು ಏರುವುದು ಜಾಸ್ತಿಯಾಗುತ್ತದೆ, ವಯಸ್ಸಿನ ಈ ಪ್ರಭಾವ ಹೆಂಗಸರಲ್ಲಿ ಗಂಡಸರಿಗಿಂತ ಸುಮಾರು ಮೂರು ಪಟ್ಟು ಅಂತ ಕಂಡಿತು. ಅಂದರೆ ಹೊರೆಯೂ ಅವಳಿಗೆ ಜಾಸ್ತಿ, ಆ ವಯಸ್ಸಿನಲ್ಲಿ ಅದಕ್ಕೆ ಅವಳ ಮೈ ಕೊಡುವ ಪ್ರತಿಕ್ರಿಯೆಯೂ ಜಾಸ್ತಿ.

ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಪಟ್ಟಿಯಲ್ಲಿ “ನೀವು ಯಾರನ್ನಾದರೂ ನೋಡಿಕೊಳ್ಳುತ್ತಿದ್ದೀರಾ?” ಅನ್ನುವ ಒಂದು ಸಾಲಿನ ಪ್ರಶ್ನೆ ಇಲ್ಲ. ರಾತ್ರಿ ನಾಲ್ಕು ಸಲ ಎದ್ದು ಗಂಡನನ್ನು ಬಚ್ಚಲಿಗೆ ಕರೆದುಕೊಂಡು ಹೋಗುವವಳಿಗೆ ನಿದ್ರೆ ಬರುತ್ತಿಲ್ಲ ಅಂತ ನಿದ್ರೆ ಮಾತ್ರೆ ಕೊಟ್ಟರೆ ಏನು ಪ್ರಯೋಜನ? ಪ್ರಯೋಜನ ಇಲ್ಲದಿರುವುದಷ್ಟೇ ಅಲ್ಲ, ಅಪಾಯ. ನಿದ್ರೆಗೆ, ಆತಂಕಕ್ಕೆ ಕೊಡುವ ಬೆಂಜೊಡಯಜೆಪೈನ್ ಗುಂಪಿನ ಮಾತ್ರೆಗಳು ಹಿರಿಯರಲ್ಲಿ ಬೀಳುವ, ಮೂಳೆ ಮುರಿಯುವ, ಗೊಂದಲಕ್ಕೆ ಬೀಳುವ ಅಪಾಯ ಹೆಚ್ಚಿಸುತ್ತವೆ. 65 ದಾಟಿದವರಿಗೆ ಸಾಧ್ಯವಾದಷ್ಟು ಕೊಡಬೇಡಿ ಅಂತ, ಹಿರಿಯರಿಗೆ ಅಪಾಯವಾಗಬಹುದಾದ ಔಷಧಿ ಯಾವುವು ಅಂತ ತಿಳಿಯಲು ವೈದ್ಯರು ಬಳಸುವ ಬಿಯರ್ಸ್ ಪಟ್ಟಿಯೇ ಹೇಳುತ್ತದೆ. ಆದರೂ ಅವು ಗಂಡಸರಿಗಿಂತ ಹೆಂಗಸರಿಗೇ ಜಾಸ್ತಿ ಹೋಗುತ್ತವೆ. ಮುಟ್ಟು ನಿಂತ ಮೇಲೆ ಮೂಳೆ ಸವೆದಿರುವುದೂ ಅವಳದ್ದೇ. ನೋವು ಹೇಳಿಕೊಂಡದ್ದಕ್ಕೆ ಸಿಕ್ಕ ಬಹುಮಾನ ಇದು, ಕ್ಷಮಿಸಿ, ಬೇರೆ ಮಾತು ಸಿಗುತ್ತಿಲ್ಲ.

ವೈದ್ಯರೊಬ್ಬರು ನನಗೆ ಹೇಳಿದರು, “ಹೆಂಗಸರಿಗೆ ಪರವಾಗಿಲ್ಲಮ್ಮ, ಮಾತಾಡೋಕೆ ಜನ ಇರ್ತಾರೆ.” ಇದರಲ್ಲಿ ಸ್ವಲ್ಪ ನಿಜ ಇದೆ. ಒತ್ತಡ ಬಂದಾಗ ಹೆಂಗಸರು ಹೊಡೆದಾಡುವುದು ಅಥವಾ ಓಡುವುದಕ್ಕಿಂತ, ಜೊತೆಯವರನ್ನು ಕಾಯುವುದು, ಸ್ನೇಹದ ಆಸರೆ ಹುಡುಕುವುದು ಜಾಸ್ತಿ ಅಂತ ಮನಶ್ಶಾಸ್ತ್ರಜ್ಞೆ ಶೆಲ್ಲಿ ಟೇಲರ್ ಮತ್ತು ಜೊತೆಗಾರರು 2000ದಲ್ಲಿ ವಾದಿಸಿದರು. ಅದಕ್ಕೂ ಮುಂಚಿನ ಪ್ರಯೋಗಾಲಯದ ಒತ್ತಡದ ಅಧ್ಯಯನಗಳಲ್ಲಿ ಭಾಗವಹಿಸಿದವರ ಪೈಕಿ ಹೆಂಗಸರು ನೂರಕ್ಕೆ ಸುಮಾರು 17 ಮಾತ್ರ ಇದ್ದರು ಅಂತಲೂ ಅವರೇ ತೋರಿಸಿದರು. ಅಂದರೆ ಒತ್ತಡದ ಬಗ್ಗೆ ‘ಮನುಷ್ಯರು ಹೀಗೆ’ ಅಂತ ಹೇಳಿದ್ದೆಲ್ಲ ಬಹುಪಾಲು ಗಂಡಸರನ್ನು ನೋಡಿ ಹೇಳಿದ್ದು. ಇರಲಿ. ನಾನು ಹೇಳುವುದು, ಸಂಬಂಧಗಳು ಆಸರೆಯೂ ಹೌದು, ಹೊರೆಯೂ ಹೌದು. ತಂಗಿಯ ಕಾಯಿಲೆ, ಮಗಳ ಜಗಳ, ಗೆಳತಿಯ ಸಾವು ಎಲ್ಲವನ್ನೂ ಅವಳೇ ಮೈಮೇಲೆ ಹಾಕಿಕೊಳ್ಳುತ್ತಾಳೆ. ಹೆಂಗಸರು ಸರಾಸರಿ ಐದು ವರ್ಷ ಜಾಸ್ತಿ ಬದುಕುತ್ತಾರೆ, ಅದರಲ್ಲಿ ಬಹಳಷ್ಟು ನೋವು, ಅಶಕ್ತಿಯ ಜೊತೆ. ಗಂಡನಿಗೆ ಕೊನೆಯವರೆಗೆ ಅವಳಿದ್ದಳು. ಅವಳಿಗೆ ಯಾರಿದ್ದಾರೆ?

ಗಂಡಸರ ಕಷ್ಟ ಇದರ ಇನ್ನೊಂದು ಮಗ್ಗುಲು. ಮನಸ್ಸಿನ ಮಾತು ಯಾರಿಗೆ ಹೇಳುತ್ತೀರಿ ಅಂದರೆ ಹೆಚ್ಚಿನ ವಯಸ್ಸಾದ ಗಂಡಸರು ಹೇಳುವುದು ಒಂದೇ ಹೆಸರು, ಹೆಂಡತಿ. ಕೆಲಸದ ಜಾಗದ ಗೆಳೆಯರು ನಿವೃತ್ತಿಯ ಜೊತೆಗೇ ದೂರವಾಗಿರುತ್ತಾರೆ. ಆಮೇಲೆ ಆ ಒಬ್ಬಳೂ ಹೋಗುತ್ತಾಳೆ. 1969ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಅಧ್ಯಯನ ಒಂದಿದೆ: ಹೆಂಡತಿ ತೀರಿಕೊಂಡ, 55 ದಾಟಿದ 4,486 ಗಂಡಸರ ಮೇಲೆ ಕಣ್ಣಿಟ್ಟು ನೋಡಿದರು. ಮೊದಲ ಆರು ತಿಂಗಳಲ್ಲಿ ಅವರಲ್ಲಿ ಆದ ಸಾವುಗಳು ಅದೇ ವಯಸ್ಸಿನ ಮದುವೆಯಾದ ಗಂಡಸರಿಗಿಂತ ನೂರಕ್ಕೆ 40ರಷ್ಟು ಜಾಸ್ತಿ. ಹೆಚ್ಚಿನವು ಹೃದಯದ ಕಾಯಿಲೆಯಿಂದ. ಆ ಆರು ತಿಂಗಳಲ್ಲಿ ನಮ್ಮ ಕಾರ್ಯಕ್ರಮ ಅವರ ಮನೆಗೆ ಹೋಗುತ್ತದಾ? ಇಲ್ಲ. ವರ್ಷಕ್ಕೊಂದು ತಪಾಸಣೆಗೆ ಅವರೇ ಬರಬೇಕು. ಹೆಂಡತಿ ಕರೆದುಕೊಂಡು ಬರುತ್ತಿದ್ದವರು ಅವಳಿಲ್ಲದ ಮೇಲೆ ಬರುವುದೇ ಇಲ್ಲ, ನಮ್ಮ ಪಟ್ಟಿಯಲ್ಲಿ ‘ಗೈರು’ ಅಂತಾಗುತ್ತಾರೆ.

“ವಯಸ್ಸಾಯ್ತು, ಇದೆಲ್ಲ ಸಹಜ” ಅನ್ನುವವರಿಗೂ ಒಂದು ಮಾತು. ಸಹಜ ಅಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲಾರಾ ಕಾರ್ಸ್ಟೆನ್ಸನ್ ಮತ್ತು ಅವರ ತಂಡ 18ರಿಂದ 94 ವರ್ಷದವರಿಗೆ ಪೇಜರ್ ಕೊಟ್ಟು, ಒಂದು ವಾರ ದಿನಕ್ಕೆ ಐದು ಸಲ ‘ಈಗ ಹೇಗನ್ನಿಸುತ್ತಿದೆ’ ಅಂತ ಕೇಳಿದರು, ವರ್ಷಗಳ ನಂತರ ಅವರನ್ನೇ ಮತ್ತೆ ಕೇಳಿದರು. ವಯಸ್ಸಾದಂತೆ ಜನರ ಮನಸ್ಸು ಒಟ್ಟಾರೆ ಹೆಚ್ಚು ಸಮಾಧಾನವಾಗಿರುತ್ತದೆ ಅಂತ ಕಂಡಿತು. ಹಾಗಿರುವಾಗ 70 ವರ್ಷದ ಒಬ್ಬರು ದಿನವಿಡೀ ಮಂಕಾಗಿ ಕೂತಿದ್ದರೆ, ಅದನ್ನು ವಯಸ್ಸಿನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ತಪ್ಪು. ಎಲ್ಲೋ ಏನೋ ಕಾರಣ ಇದೆ, ಹುಡುಕಬೇಕು.

ಈಗ ನಾನು ಕೇಳುವುದು. ಗಂಡ ಹೆಂಡತಿ ಒಟ್ಟಿಗೆ ಬಂದರೂ ಪ್ರಶ್ನೆ ಕೇಳುವಾಗ ಬೇರೆ ಬೇರೆ ಕೂರಿಸಲು ಅವಕಾಶ ಮಾಡಿಕೊಡಿ. ಗಂಡನ ಮುಂದೆ ಅವಳು ‘ನಿಮ್ಮನ್ನು ನೋಡಿಕೊಂಡು ಸಾಕಾಗಿದೆ’ ಅನ್ನಲಾರಳು, ಹೆಂಡತಿಯ ಮುಂದೆ ಅವನು ‘ಹೆದರಿಕೆ ಆಗುತ್ತದೆ’ ಅನ್ನಲಾರ. ಒಂದು ಕುರ್ಚಿಯನ್ನು ಆಚೆ ಸರಿಸಿದರೆ ಆಗುವ ಕೆಲಸ ಇದು. ಪಟ್ಟಿಗೆ ಆರೈಕೆಯ ಪ್ರಶ್ನೆ ಸೇರಿಸಿ: ಯಾರನ್ನು ನೋಡಿಕೊಳ್ಳುತ್ತೀರಿ, ರಾತ್ರಿ ಏಳಬೇಕಾಗುತ್ತದಾ, ಒಂದು ದಿನ ನಿಮ್ಮ ಬದಲು ನಿಲ್ಲುವವರು ಇದ್ದಾರಾ. ಉತ್ತರ ‘ಯಾರೂ ಇಲ್ಲ’ ಅಂದರೆ ಅವಳಿಗೆ ಬೇಕಾದದ್ದು ವಾರಕ್ಕೆ ಅರ್ಧ ದಿನವಾದರೂ ಬಿಡುವು, ಬದಲಿ ಆರೈಕೆಯವರು. ನಿದ್ರೆ ಮಾತ್ರೆ ಬರೆಯುವ ಮುಂಚೆ ಈ ಮೂರು ಪ್ರಶ್ನೆ ಕೇಳಲೇಬೇಕು ಅಂತ ನಿಯಮ ಮಾಡಿ.

ಗಂಡಸರಿಗೆ ಸಿಟ್ಟು, ಕುಡಿತ, ಜನರಿಂದ ದೂರವಾಗುವುದರ ಬಗ್ಗೆ ಕೇಳುವ ಪ್ರಶ್ನೆಗಳು ಬೇಕು. ನಿಜ ಹೇಳಬೇಕೆಂದರೆ ಅವನ್ನು ಹೆಂಗಸರಿಗೂ ಕೇಳಿ, ಸಿಟ್ಟು ಅವರಿಗೂ ಇದೆ, ಯಾರೂ ಕೇಳಿಲ್ಲ ಅಷ್ಟೇ. ಗಂಡಸರನ್ನು ‘ಆಪ್ತಸಮಾಲೋಚನೆಗೆ ಬನ್ನಿ’ ಅಂತ ಕರೆದರೆ ಬರುವುದಿಲ್ಲ, ಇದನ್ನು ನಾವೆಲ್ಲ ಕಂಡಿದ್ದೇವೆ. ಆಸ್ಟ್ರೇಲಿಯಾದಲ್ಲಿ 1990ರ ದಶಕದಿಂದ ‘ಮೆನ್ಸ್ ಶೆಡ್’ ಅಂತ ನಡೆಯುತ್ತಿವೆ: ಮರಗೆಲಸ, ರಿಪೇರಿ ಹೀಗೆ ಏನೋ ಒಂದು ಕೆಲಸ ಒಟ್ಟಿಗೆ ಮಾಡುವ ಜಾಗ. ಕೈ ಕೆಲಸದಲ್ಲಿರುವಾಗ, ಎದುರು ಬದುರು ಅಲ್ಲದೆ ಅಕ್ಕಪಕ್ಕ ನಿಂತಾಗ ಗಂಡಸರು ಮಾತಾಡುತ್ತಾರೆ. ಅಂಥದ್ದಕ್ಕೆ ಒಂದು ಕೋಣೆ, ನಾಲ್ಕು ಸಾಮಾನು ಕೊಟ್ಟರೆ ಶುರು ಮಾಡಬಹುದು. ಇನ್ನು ಸಂಗಾತಿ ತೀರಿಕೊಂಡ ಮನೆಗೆ, ಅದು ಗಂಡಸೇ ಇರಲಿ ಹೆಂಗಸೇ ಇರಲಿ, ಮೊದಲ ಆರು ತಿಂಗಳಲ್ಲಿ ಒಬ್ಬರು ಹೋಗಿ ಬರಲಿ. ಮನೆಗೆ ಹೋಗಿ ಬರುವ ಆ ಕೆಲಸಕ್ಕೆ ನಮ್ಮಂಥ ಸ್ವಯಂಸೇವಕರು ತಯಾರಿದ್ದೇವೆ, ನೀವು ಹೆಸರು ಕೊಟ್ಟರೆ ಸಾಕು.

ವರದಿ ಪ್ರಕಟಿಸುವಾಗ ‘60 ಮೇಲ್ಪಟ್ಟವರು’ ಅಂತ ಎಲ್ಲರನ್ನೂ ಒಂದೇ ಮೂಟೆಗೆ ತುಂಬಬೇಡಿ. 62ರ ಹೆಂಗಸು ಅತ್ತೆ-ಮಾವ, ಗಂಡ, ಮೊಮ್ಮಕ್ಕಳು ಮೂರೂ ಕಡೆ ಓಡಾಡುತ್ತಿರುತ್ತಾಳೆ. 85ರ ಗಂಡಸು ಕಿವಿ ಕೇಳದೆ, ಜೊತೆಯವರೆಲ್ಲ ಹೋಗಿ ಒಬ್ಬನೇ ಕೂತಿರುತ್ತಾನೆ. ಇಬ್ಬರ ಸರಾಸರಿ ತೆಗೆದರೆ ಅದು ಯಾರ ಬದುಕೂ ಅಲ್ಲ. ಗಾಟ್ಲ್ಯಾಂಡಿನಲ್ಲಿ ಗಂಡಸು-ಹೆಂಗಸು ಅಂತ ಬಿಡಿಸಿ ನೋಡದೇ ಹೋಗಿದ್ದರೆ ‘ಯಶಸ್ವಿ’ ಅಂತ ಬರೆದು ಫೈಲು ಮುಚ್ಚುತ್ತಿದ್ದರು.

ಸಮಯ ಇಲ್ಲ ಅನ್ನುತ್ತೀರಿ, ಗೊತ್ತು. ಒಬ್ಬರಿಗೆ ಐದು ನಿಮಿಷ ಅಂತ ಗುರಿ ಇದೆ. ನಾನು ಕೇಳುತ್ತಿರುವ ಪ್ರಶ್ನೆಗಳಿಗೆ ಇನ್ನು ಎರಡು ಮೂರು ನಿಮಿಷ ಹಿಡಿಯಬಹುದು. ದಿನಕ್ಕೆ ನೋಡುವ ಜನರ ಸಂಖ್ಯೆ ಸ್ವಲ್ಪ ಇಳಿಯುತ್ತದೆ, ಇಳಿಯಲಿ ಬಿಡಿ.

ಎಲ್ಲಕ್ಕಿಂತ ಅರ್ಜೆಂಟಾದದ್ದು ಇನ್ನೊಂದಿದೆ, ಅದಕ್ಕೆ ಹೊಸ ಪಟ್ಟಿ ಅಚ್ಚಾಗುವವರೆಗೆ ಕಾಯುವುದು ಬೇಡ. ಒಂಬತ್ತನೆಯ ಪ್ರಶ್ನೆ ಸಾಯಬೇಕು ಅನ್ನಿಸುತ್ತದಾ ಅನ್ನುವುದು. ಅದನ್ನು ಹೇಗೆ ಓದಬೇಕು ಅಂತ ನಮಗೆ ಕಲಿಸಿದ್ದೀರಿ. ‘ಹೌದು’ ಅಂದರೆ ಮುಂದೆ ಏನು ಮಾಡಬೇಕು ಅಂತ ಕಲಿಸಿಲ್ಲ. ಈಗ ಆ ಹಾಳೆಯೂ ಉಳಿದವುಗಳ ಜೊತೆ ಅದೇ ಕಟ್ಟಿನಲ್ಲಿ ಮೇಲಕ್ಕೆ ಹೋಗುತ್ತದೆ, ಯಾರು ಯಾವಾಗ ನೋಡುತ್ತಾರೋ ನಮಗೆ ತಿಳಿಯುವುದಿಲ್ಲ. ಅಂಥವರನ್ನು ಅದೇ ದಿನ, ಒಬ್ಬರನ್ನೇ ಕಳಿಸದೆ, ಯಾವ ವೈದ್ಯರ ಹತ್ತಿರ ಕರೆದೊಯ್ಯಬೇಕು, ಆ ವೈದ್ಯರು ಇಲ್ಲದಿದ್ದರೆ ಯಾರಿಗೆ ಫೋನ್ ಮಾಡಬೇಕು, ಮನೆಯವರಿಗೆ ಏನು ಹೇಳಬೇಕು, ವಾರದ ನಂತರ ಯಾರು ವಿಚಾರಿಸಬೇಕು ಅನ್ನುವುದನ್ನು ಒಂದು ಪುಟದಲ್ಲಿ ಬರೆದು, ಮುಂದಿನ ತಪಾಸಣೆಗೆ ಮುಂಚೆ ನಮ್ಮ ಪ್ರತಿ ಮೇಜಿಗೂ ಕಳಿಸಿಕೊಡಿ.

ಇಂತಿ,
ಕೊನೆಯ ಮೇಜಿನ ಸ್ವಯಂಸೇವಕಿ